ಪೀಪಾಯಿಯಿಂದ ಹುಟ್ಟಿದ ಬ್ಯಾರಿಕೇಡ್

[ತೆರೆಯ ಮೇಲೆ: ರಸ್ತೆಗೆ ಅಡ್ಡ ನಿಂತ ಪೊಲೀಸ್ ಬ್ಯಾರಿಕೇಡ್‌ಗಳು]

ನಮಸ್ಕಾರ. ಜಾತ್ರೆ, ಮೆರವಣಿಗೆ, ಪ್ರತಿಭಟನೆ, ಮಂತ್ರಿಗಳ ಭೇಟಿ: ಜನ ಸೇರುವ ಕಡೆಯೆಲ್ಲ ಪೊಲೀಸರು ಬ್ಯಾರಿಕೇಡ್ ತಂದು ನಿಲ್ಲಿಸುತ್ತಾರೆ. ಆದರೆ ಈ ಹೆಸರು ಹುಟ್ಟಿದ ಕಾಲದಲ್ಲಿ ಅದನ್ನು ಕಟ್ಟಿದವರು ಜನ. ಸಿಕ್ಕಿಬಿದ್ದದ್ದು ರಾಜನ ಸೈನ್ಯ.

[ನಕ್ಷೆ: ಪ್ಯಾರಿಸ್, 1588]

ಫ್ರೆಂಚ್ ಭಾಷೆಯಲ್ಲಿ ‘ಬಾರಿಕ್’ ಎಂದರೆ ವೈನ್ ತುಂಬುವ ಮರದ ಪೀಪಾಯಿ. 1588ರ ಮೇ 12ರಂದು ಫ್ರಾನ್ಸ್‌ನ ರಾಜ ಮೂರನೆಯ ಹೆನ್ರಿ ಸ್ವಿಸ್ ಪಡೆಗಳನ್ನು ಪ್ಯಾರಿಸ್‌ನೊಳಕ್ಕೆ ಕರೆಸಿದ. ಅವನ ಎದುರಾಳಿ ಗೀಸ್‌ನ ಡ್ಯೂಕ್‌ನ ಪರವಾಗಿದ್ದ ನಗರವಾಸಿಗಳು ಕೆರಳಿದರು. ಬೀದಿಗೆ ಅಡ್ಡಲಾಗಿ ಸರಪಳಿ ಎಳೆದರು, ಪೀಪಾಯಿಗಳನ್ನು ಉರುಳಿಸಿ ತಂದರು. ಆ ಜಾಣತನವನ್ನು ಗಮನಿಸಿ: ಖಾಲಿ ಪೀಪಾಯಿಯನ್ನು ಒಬ್ಬನೇ ಉರುಳಿಸಬಹುದು, ಇಟ್ಟ ಜಾಗದಲ್ಲೇ ಮಣ್ಣು, ಕಲ್ಲು ತುಂಬಿದರೆ ನಾಲ್ಕು ಜನ ಸೇರಿದರೂ ಅದು ಕದಲುವುದಿಲ್ಲ. ಇಕ್ಕಟ್ಟಿನ ಬೀದಿಗಳಲ್ಲಿ ಸೈನಿಕರಿಗೆ ಮುಂದೆಯೂ ದಾರಿಯಿಲ್ಲ, ಹಿಂದೆಯೂ ದಾರಿಯಿಲ್ಲ. ಮಾರನೆಯ ದಿನ ರಾಜನೇ ನಗರ ಬಿಟ್ಟು ಓಡಿದ. ಚರಿತ್ರೆಯಲ್ಲಿ ಅದು ‘ಬ್ಯಾರಿಕೇಡ್‌ಗಳ ದಿನ’. ಕೆಲವೇ ವರ್ಷಗಳಲ್ಲಿ ಆ ಪದ ಇಂಗ್ಲಿಷಿಗೂ ಬಂದಿತು.

ಬ್ಯಾರಿಯರ್ ಎಂಬ ಪದದ ದಾರಿ ಬೇರೆ. ಅಗುಳಿ, ಅಡ್ಡಪಟ್ಟಿ ಎಂಬ ಅರ್ಥದ ‘ಬಾರ್’ನಿಂದ ಅದು ಬಂದಿದೆ.

[ಚಿತ್ರ: ಹಳೆಯ ಹಡಗಿನ ಡೆಕ್]

ಬ್ಯಾರಿಕೇಡ್ ಎಂಬ ಪದದ ಬದುಕಿನ ಅತ್ಯಂತ ಹೇಯವಾದ ಕಾಲ ಹಡಗುಗಳ ಮೇಲೆ ಕಳೆಯಿತು. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಡೆಕ್ ಮೇಲೆ ಎತ್ತರದ ಮರದ ಗೋಡೆ ಇರುತ್ತಿತ್ತು. ಅದಕ್ಕೆ ‘ಬ್ಯಾರಿಕಾಡೊ’ ಎನ್ನುತ್ತಿದ್ದರು. ಸೆರೆಯಾಳುಗಳು ದಂಗೆ ಎದ್ದರೆ ನಾವಿಕರು ಅದರ ಹಿಂದೆ ನಿಂತು ಗುಂಡು ಹಾರಿಸುತ್ತಿದ್ದರು. ರಾಜನ ಸೈನ್ಯವನ್ನು ತಡೆದ ಹೆಸರನ್ನೇ ಬಂದಿಗಳನ್ನು ತುಳಿಯುವ ಗೋಡೆಗೆ ಇಟ್ಟದ್ದನ್ನು ನೆನೆದರೆ ಸಂಕಟವಾಗುತ್ತದೆ.

ಪ್ಯಾರಿಸ್ ಜನ 1830ರಲ್ಲಿ, 1848ರಲ್ಲಿ ಮತ್ತೆ ಬ್ಯಾರಿಕೇಡ್ ಕಟ್ಟಿದರು. ಎರಡು ಸಲವೂ ರಾಜ ಸಿಂಹಾಸನ ಕಳೆದುಕೊಂಡ. 1853ರಿಂದ ಓಸ್ಮಾನ್ ಎಂಬ ಅಧಿಕಾರಿ ನಗರದ ಹಳೆಯ ಗಲ್ಲಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಿಸಿದ. ಅಲ್ಲಿ ಅಡ್ಡಗಟ್ಟುವುದು ಕಷ್ಟ, ಸೈನ್ಯ ನುಗ್ಗುವುದು ಸುಲಭ.

[ದೃಶ್ಯ: ನಾಗರಹೊಳೆಯ ಕಾಡಂಚು]

ನಮ್ಮಲ್ಲಿ ಆನೆಗಳು ಹೊಲ, ತೋಟಗಳಿಗೆ ನುಗ್ಗದಂತೆ ಹಳೆಯ ರೈಲು ಕಂಬಿಗಳಿಂದ ಕಟ್ಟುವ ಬೇಲಿಗೂ ‘ರೈಲ್ವೆ ಬ್ಯಾರಿಕೇಡ್’ ಎಂದೇ ಹೆಸರು. ಬೆಳೆ ಕಳೆದುಕೊಂಡ ರೈತರಿಗೆ ಅದು ಬೇಕೇ ಬೇಕು. ಆದರೂ ಅದನ್ನು ಹತ್ತಿ ದಾಟುವ ಆನೆಗಳಿವೆ. ಹಾಗೆ ದಾಟಲು ಹೋಗಿ 2018ರಲ್ಲಿ ನಾಗರಹೊಳೆಯಲ್ಲಿ ಒಂದು ಆನೆ ಕಂಬಿಗೆ ಸಿಕ್ಕಿ ಸತ್ತಿತು.