ಊಟದ ನಡುವೆ ಕೈಗೊಂದು ಬಿಡುವು

ಮುಂದಿನ ಸಲ ಯಾರಾದರೂ ಗಬಗಬ ತಿನ್ನುತ್ತಿದ್ದರೆ ಅವರ ಬಾಯಿ ನೋಡಬೇಡಿ, ಕೈ ನೋಡಿ. ಬಾಯಲ್ಲಿರುವ ತುತ್ತು ಇನ್ನೂ ಅರ್ಧ ಅಗಿದಿರುತ್ತದೆ. ಅಷ್ಟರಲ್ಲಿ ಇನ್ನೊಂದು ತುತ್ತು ಎದ್ದು ಬಂದು ತುಟಿಯ ಹತ್ತಿರ ಕಾಯುತ್ತಾ ಇರುತ್ತದೆ. ಬಾಯಿ ಪಾಪ ಏನು ಮಾಡಬೇಕು? ಜಾಗ ಬಿಡಬೇಕಲ್ಲ, ನುಂಗಿಬಿಡುತ್ತದೆ.

ಬೇಗ ತಿನ್ನುವ ಚಟಕ್ಕೆ ಮೂಲ ಈ ಕೈಯೇ ಅಂತ ನನ್ನ ಲೆಕ್ಕ. ನಮಗೆ ಸಿಗುವ ಬುದ್ಧಿವಾದ ಮಾತ್ರ ಯಾವಾಗಲೂ ಹಲ್ಲಿನ ಮೇಲೆ. "ಒಂದೊಂದು ತುತ್ತನ್ನೂ 32 ಸಲ ಅಗಿಯಿರಿ" ಅನ್ನುತ್ತಾರೆ. ಅಗಿಯುವ ಈ ಹುಚ್ಚು ಹೊಸದೇನಲ್ಲ. ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಅಂತ ಒಬ್ಬರಿದ್ದರು. 1849ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡವರು. ಬಾಯಲ್ಲಿರುವುದು ನೀರಾಗುವ ತನಕ ಅಗಿಯಬೇಕು ಅನ್ನುವುದು ಅವರ ವಾದ. ಕುಡಿಯುವುದನ್ನೂ ಅಗಿಯಬೇಕಂತೆ! ಒಂದಷ್ಟು ವರ್ಷ ಅದು ದೊಡ್ಡ ಫ್ಯಾಷನ್ ಆಗಿತ್ತು, ಆಮೇಲೆ ಬಿದ್ದುಹೋಯಿತು. ಬೀಳದೆ ಇನ್ನೇನು? ಎಣಿಸುತ್ತಾ ಕೂತವರಿಗೆ ರುಚಿ ಎಲ್ಲಿ ಗೊತ್ತಾಗಬೇಕು, ಪಕ್ಕದವರ ಮಾತು ಎಲ್ಲಿ ಕೇಳಿಸಬೇಕು?

ಹಾಗಂತ ನಿಧಾನಕ್ಕೆ ಅರ್ಥವೇ ಇಲ್ಲ ಅಂತಲ್ಲ. ಹೊಟ್ಟೆ ಹಿಗ್ಗಿದ ಸುದ್ದಿಯನ್ನು ವೇಗಸ್ ಅನ್ನುವ ನರ ಮಿದುಳಿಗೆ ಮುಟ್ಟಿಸುತ್ತದೆ. ತಿಂದದ್ದು ಕರುಳಿಗೆ ಇಳಿದ ಮೇಲೆ ಅಲ್ಲಿಂದ ಕೆಲವು ಹಾರ್ಮೋನುಗಳು ಹೊರಡುತ್ತವೆ. ಇವೆಲ್ಲ ಸೇರಿ "ಸಾಕು" ಅನ್ನಿಸಬೇಕಾದರೆ ಹೊತ್ತು ಬೇಕು. ಸುಮಾರು 20 ನಿಮಿಷ ಅನ್ನುವುದು ವಾಡಿಕೆಯ ಅಂದಾಜು. ಐದು ನಿಮಿಷಕ್ಕೆ ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಬಡಿಸಿಕೊಂಡರೆ, ಎರಡನೇ ಸಲದ್ದು ಹಸಿವಿಗೆ ಹೋಯಿತೋ ಅಭ್ಯಾಸಕ್ಕೆ ಹೋಯಿತೋ ನಮಗೇ ಗೊತ್ತಾಗುವುದಿಲ್ಲ. ಗ್ರೀಸ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಒಂದೇ ಅಳತೆಯ ಐಸ್‌ಕ್ರೀಮನ್ನು ಒಂದು ಸಲ 5 ನಿಮಿಷದಲ್ಲಿ, ಇನ್ನೊಂದು ಸಲ 30 ನಿಮಿಷದಲ್ಲಿ ತಿನ್ನಿಸಿದರು. ನಿಧಾನವಾಗಿ ತಿಂದಾಗ ಈ "ಸಾಕು" ಅನ್ನಿಸುವ ಹಾರ್ಮೋನುಗಳು ಜಾಸ್ತಿ ಇದ್ದವು. ಅರ್ಧ ಗಂಟೆ ಐಸ್‌ಕ್ರೀಮ್ ತಿನ್ನುವವರ ತಾಳ್ಮೆಗೆ ನನ್ನದೊಂದು ನಮಸ್ಕಾರ.

ಇನ್ನೊಂದು ವಿಷಯ. ವೇಗ ಪೂರ್ತಿ ನಮ್ಮ ಕೈಯಲ್ಲೂ ಇಲ್ಲ. 2019ರಲ್ಲಿ ಅಮೆರಿಕದ ಸಂಶೋಧಕರು 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಅಂದರು. ಸಂಸ್ಕರಿಸಿದ ಆಹಾರ ಸಿಕ್ಕಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತಿಂದ ವೇಗವೂ ಜಾಸ್ತಿಯಿತ್ತು. ಮೆತ್ತಗಿರುವುದು ಸಲೀಸಾಗಿ ಇಳಿಯುತ್ತದೆ, ಅಲ್ವಾ? ಹಲ್ಲಿಗೆ ಕೆಲಸ ಕೊಡುವಂಥದ್ದು ತಟ್ಟೆಯಲ್ಲಿ ಸ್ವಲ್ಪ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಉಳಿದರ್ಧ ಕೈಯದು. ಬಾಯಲ್ಲಿರುವುದನ್ನು ನುಂಗುವ ತನಕ ಮುಂದಿನ ತುತ್ತು ಎತ್ತಬೇಡಿ. ಚಮಚ ಇದ್ದರೆ ಕೆಳಗಿಡಿ. ಹೇಳೋಕೆ ಸುಲಭ, ಮೊದಮೊದಲು ವಿಪರೀತ ಹಿಂಸೆ. ಕೈಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಬೆರಳು ಸುಮ್ನೆ ತಟ್ಟೆಯ ಅಂಚು ಸವರುತ್ತದೆ, ಈ ಕಡೆಯದನ್ನು ಆ ಕಡೆ ಸರಿಸುತ್ತದೆ, ನೀರಿನ ಲೋಟ ಹುಡುಕುತ್ತದೆ. ಅರ್ಧ ಅಗಿದದ್ದನ್ನು ನೀರು ಕುಡಿದು ತಳ್ಳುವುದೂ ಅವಸರವೇ, ಅದಕ್ಕೆ ಲೋಟವನ್ನು ಸ್ವಲ್ಪ ದೂರ ಇಟ್ಟುಕೊಳ್ಳಿ. ತುಂಬಾ ಹಸಿದಿದ್ದರೆ ಮೊದಲ ನಾಲ್ಕೈದು ತುತ್ತಿಗೆ ಈ ನಿಯಮ ಬೇಡ. ಹಸಿದ ಹೊಟ್ಟೆಗೆ ಪಾಠ ಹಿಡಿಸುವುದಿಲ್ಲ. ಫೋನ್ ಅಂತೂ ಎದುರಿಗೆ ಬೇಡವೇ ಬೇಡ. ಕಣ್ಣು ಪರದೆಗೆ ಅಂಟಿದರೆ ಕೈ ತನ್ನ ಪಾಡಿಗೆ ತಾನು ಹಳೇ ವೇಗಕ್ಕೆ ಹೋಗಿಬಿಡುತ್ತದೆ. ತಟ್ಟೆ ಖಾಲಿಯಾದದ್ದೂ ಗೊತ್ತಾಗುವುದಿಲ್ಲ.

ಹಾಂ, ಊಟಕ್ಕೆ ಹದಿನೈದೇ ನಿಮಿಷ ಬಿಡುವು ಸಿಗುವವರಿಗೆ ಈ ಬುದ್ಧಿವಾದ ಹೇಳಿದರೆ ಅದು ಗೇಲಿ ಮಾಡಿದ ಹಾಗೆ. ಅವರು ಸಿಕ್ಕ ಹೊತ್ತಿಗೆ ಹಿಡಿಸುವಷ್ಟು ತಿಂದು, ಮಿಕ್ಕಿದ್ದನ್ನು ಇನ್ನೊಂದು ಬಿಡುವಿಗೆ ಇಟ್ಟುಕೊಳ್ಳುವುದು ವಾಸಿ. ಅದಕ್ಕೂ ಬಿಡದ ಕಡೆ ತಪ್ಪು ತಿನ್ನುವವರದಲ್ಲ.

ಇನ್ನು ಮನೆಯಲ್ಲಿ ಎಲ್ಲರೂ ಎದ್ದ ಮೇಲೂ ತಿನ್ನುತ್ತಾ ಕೂತಿರುವ ಒಂದು ಮಗು ಇರುತ್ತದಲ್ಲ, ಅದರ ಕೈ ಗಮನಿಸಿ. ಒಂದು ತುತ್ತು ತಿಂದು, ಏನೋ ಹೇಳಿ, ನಕ್ಕು, ಆಮೇಲೆ ಮುಂದಿನ ತುತ್ತು. ನಾವು ಕಷ್ಟಪಟ್ಟು ಕಲಿಯುತ್ತಿರುವುದನ್ನೇ ಅದು ಆರಾಮಾಗಿ ಮಾಡುತ್ತಿದೆ. "ಬೇಗ ಬೇಗ ತಿನ್ನು" ಅಂತ ಗದರುವುದು ನಾವೇ. ಪಾತ್ರೆ ತೊಳೆಯುವ ಅವಸರ ಇದ್ದರೆ ಅದರ ತಟ್ಟೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ತೊಳೆದುಕೊಳ್ಳಿ.