ಸಂಜೆ ಐದೂವರೆಯ ಹಾಡು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಈವನ್‌ಸಾಂಗ್ ಬಗ್ಗೆ. ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ ಕ್ವಾಯರ್, ಅಂದರೆ ಗಾಯಕರ ತಂಡ, ಹಾಡುವ ಸಂಜೆ ಪ್ರಾರ್ಥನೆ.

ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್, ಅಂದರೆ ಕಾಲೇಜಿನದೇ ಚರ್ಚು. ಫೆಬ್ರವರಿ 4ನೇ ತಾರೀಕು. ಸಂಜೆ ಐದಕ್ಕೇ ಸೂರ್ಯ ಮುಳುಗಿದ್ದ. ಚಳಿಗೆ ಕೈ ಮರಗಟ್ಟಿತ್ತು. ಬಾಗಿಲ ಮುಂದೆ ಒಂದಿಷ್ಟು ಜನ ಸಾಲಾಗಿ ನಿಂತಿದ್ದೆವು. ದುಡ್ಡು ಕೊಡಬೇಕಾಗಿರಲಿಲ್ಲ. ಯಾವ ಧರ್ಮ, ಯಾವ ಸಭೆ ಅಂತ ಯಾರೂ ಕೇಳಲಿಲ್ಲ. ಒಳಗೆ ಹೋಗಿ ಮರದ ಬೆಂಚಿನಲ್ಲಿ ಕೂತೆ. ಎದುರಿಗೆ ಗಾಜಿನ ಬುರುಡೆಯೊಳಗೆ ಮೇಣದ ಬತ್ತಿ ಉರಿಯುತ್ತಿತ್ತು. ತಲೆಯ ಮೇಲೆ, ತುಂಬಾ ಎತ್ತರದಲ್ಲಿ, ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಲ್ಲಿನ ಚಾವಣಿ. ಕೆಂಪು ನಿಲುವಂಗಿಯ ಮೇಲೆ ಬಿಳಿ ಅಂಗಿ ತೊಟ್ಟ ಪುಟ್ಟ ಹುಡುಗರು ಸಾಲಾಗಿ ಬಂದರು, ಅವರ ಹಿಂದೆ ಯುವಕರು. ಹಾಡು ಶುರುವಾಯಿತು.

ನಾನು ಬೆಂಗಳೂರಿನ ಒಂದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ, ಕನ್ನಡ ಚರ್ಚಿನಲ್ಲಿ ಬೆಳೆದವನು. ಚಿಕ್ಕಂದಿನಿಂದ ಕ್ವಾಯರ್‌ನಲ್ಲಿ ಹಾಡಿದವನು. ಹಾಗಾಗಿ ಬಾಯಿ ತಾನಾಗಿ ತೆರೆಯಿತು. ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ನನ್ನ ತೋಳು ಮುಟ್ಟಿ ತಲೆಯಾಡಿಸಿದರು. ಇಲ್ಲಿ ಹಾಡುವ ಕೆಲಸ ಕ್ವಾಯರ್‌ನವರದು, ಕೇಳುವ ಕೆಲಸ ನಮ್ಮದು. ಇವತ್ತು ನಿಮಗೆ ಹೇಳಬೇಕು ಅಂತ ಬಂದಿರುವುದು ಇದನ್ನೇ. ಈವನ್‌ಸಾಂಗ್‌ನಲ್ಲಿ ನಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸುತ್ತಾರೆ. ನಮಗೆ ನಂಬಿಕೆ ಇರುವ ದಿನವೂ, ಇಲ್ಲದ ದಿನವೂ. ನಾವು ಬಂದರೂ, ಬರದಿದ್ದರೂ.

ಇದರ ಹುಟ್ಟು ಚುಟುಕಾಗಿ ಹೇಳಿಬಿಡುತ್ತೇನೆ. ಮಠಗಳಲ್ಲಿ ಸನ್ಯಾಸಿಗಳು ದಿನಕ್ಕೆ ಹಲವು ಸಲ ಲ್ಯಾಟಿನ್‌ನಲ್ಲಿ ಪ್ರಾರ್ಥಿಸುತ್ತಿದ್ದರು. ಸಂಜೆಯದು ವೆಸ್ಪರ್ಸ್, ಮಲಗುವ ಮುಂಚಿನದು ಕಾಂಪ್ಲಿನ್. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಇಂಗ್ಲಿಷಿನಲ್ಲಿ ಸಾಮಾನ್ಯ ಪ್ರಾರ್ಥನಾ ಪುಸ್ತಕ ತಂದಾಗ ಈ ಎರಡನ್ನೂ ಬೆಸೆದು ಒಂದು ಮಾಡಿದರು. ಮಠದ ಗೋಡೆಯೊಳಗೆ ಇದ್ದದ್ದು ಊರವರ ಪಾಲಿಗೂ ಬಂತು, ಅವರದೇ ಮಾತಿನಲ್ಲಿ ಬಂತು. ಒಂದು ಅಕ್ಷರಕ್ಕೆ ಆದಷ್ಟೂ ಒಂದೇ ಸ್ವರ ಇರಲಿ, ಮಾತು ಸ್ಪಷ್ಟವಾಗಿ ಕೇಳಲಿ ಅನ್ನುವುದು ಕ್ರ್ಯಾನ್ಮರ್‌ರ ಆಸೆಯಾಗಿತ್ತು. 1556ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಪುಸ್ತಕ ಉಳಿಯಿತು. 1662ರ ಪರಿಷ್ಕೃತ ರೂಪವನ್ನೇ ಇವತ್ತಿಗೂ ಕೆಥೀಡ್ರಲ್‌ಗಳಲ್ಲಿ, ಅಂದರೆ ಬಿಷಪ್‌ರ ದೊಡ್ಡ ಚರ್ಚುಗಳಲ್ಲಿ, ಬಳಸುತ್ತಾರೆ.

ಈಗ ಕೀರ್ತನೆಗಳ ವಿಷಯ, ಅಂದರೆ ಬೈಬಲಿನ ಕೀರ್ತನೆಗಳು. ಜಾಸ್ತಿ ಜನ ಈವನ್‌ಸಾಂಗ್‌ಗೆ ಹೋಗುವುದು ಕೊನೆಯಲ್ಲಿ ಕ್ವಾಯರ್ ಹಾಡುವ ಆಂಥಮ್ ಎಂಬ ಬಿಡಿ ಹಾಡಿಗಾಗಿ, ದೊಡ್ಡ ಸಂಗೀತಗಾರರ ಹೆಸರಿಗಾಗಿ. ನನ್ನ ಮಟ್ಟಿಗೆ ಇದರ ಜೀವ ಇರುವುದು ಕೀರ್ತನೆಗಳಲ್ಲೇ. 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ, ಬೆಳಿಗ್ಗೆ ಸಂಜೆ ಅಂತ ಹಂಚಿದ್ದಾರೆ. ನಿಮ್ಮ ಮನಸ್ಸು ಹೇಗಿದೆ ಅಂತ ಈ ಪಟ್ಟಿ ಕೇಳುವುದಿಲ್ಲ. ತಾರೀಕು ಏನು ಹೇಳುತ್ತದೋ ಅದನ್ನೇ ಹಾಡಬೇಕು. 4ನೇ ತಾರೀಕಿನ ಸಂಜೆಗೆ ಬರುವುದು 22 ಮತ್ತು 23. ಮೊದಲು, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’. ಅದು ಮುಗಿದ ಬೆನ್ನಿಗೇ ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’. 23ನೇ ಕೀರ್ತನೆ ನನಗೆ ಭಾನುವಾರದ ಶಾಲೆಯಿಂದಲೇ ಬಾಯಿಪಾಠ. ಆದರೆ ಆ ಅಳುವಿನ ಹಿಂದೆಯೇ ಅದು ಬರುವುದನ್ನು ನಾನು ಕೇಳಿದ್ದು ಆವತ್ತೇ ಮೊದಲು. ಕೊರತೆಪಡೆನು ಅನ್ನುವ ಮಾತು ಆವತ್ತು ಬೇರೆಯೇ ಕೇಳಿಸಿತು.

ಹಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೀರ್ತನೆಯ ಪ್ರತಿ ವಚನಕ್ಕೂ, ಅಂದರೆ ಪ್ರತಿ ಸಾಲಿಗೂ, ಎರಡು ಭಾಗ. ಮೊದಲ ಭಾಗ ಒಂದೇ ಸ್ವರದ ಮೇಲೆ ಮಾತಿನ ಓಟದಲ್ಲೇ ಸಾಗುತ್ತದೆ, ಕೊನೆಗೆ ಮೂರು ಸ್ವರಗಳಲ್ಲಿ ತಿರುಗಿ ನಿಲ್ಲುತ್ತದೆ. ಎರಡನೇ ಭಾಗವೂ ಹಾಗೆಯೇ ಓಡಿ, ಐದು ಸ್ವರಗಳಲ್ಲಿ ಮುಗಿಯುತ್ತದೆ. ಒಟ್ಟು ಹತ್ತು ಸ್ವರ, ನಾಲ್ಕು ದನಿಗಳಲ್ಲಿ. ಅಷ್ಟೇ. ಇದಕ್ಕೆ ತಾಳ ಇಲ್ಲ. ವಚನ ಉದ್ದವಾದರೆ ಸ್ವರ ಕಾಯುತ್ತದೆ, ಚಿಕ್ಕದಾದರೆ ಬೇಗ ತಿರುಗುತ್ತದೆ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ರಾಗ ಮಾತಿನ ಹಿಂದೆ ನಡೆಯುತ್ತದೆ, ಅಲ್ವಾ? ಅದೇ ಗುಣ ಇಲ್ಲೂ ಇದೆ. ಇಲ್ಲಿ ಕಷ್ಟ ಏನು ಗೊತ್ತಾ? ಇಪ್ಪತ್ತು ಮೂವತ್ತು ಜನ, ಬಡಿತವಿಲ್ಲದ ಹಾಡನ್ನು, ಒಬ್ಬರೇ ಮಾತಾಡಿದ ಹಾಗೆ ಹೇಳಬೇಕು. ಅದಕ್ಕೇ ದಿನಾ ಅಭ್ಯಾಸ.

ಕ್ವಾಯರ್ ಎರಡು ಪಾಲಾಗಿ ಎದುರುಬದುರು ನಿಲ್ಲುತ್ತದೆ. ದಕ್ಷಿಣದ ಕಡೆಯವರು ಡೆಕಾನಿ, ಉತ್ತರದ ಕಡೆಯವರು ಕ್ಯಾಂಟೋರಿಸ್. ಒಂದು ವಚನ ಇವರು, ಇನ್ನೊಂದು ಅವರು. ನಡುವೆ ಕೂತವರ ಮೇಲೆ ಹಾಡು ಅತ್ತಿಂದಿತ್ತ ಹಾಯುತ್ತದೆ. ವಚನದ ನಡುವೆ ಒಂದು ಸಣ್ಣ ನಿಲುಗಡೆ ಬರುತ್ತದೆ. ಆ ಹೊತ್ತಲ್ಲಿ ಹಿಂದಿನ ಸ್ವರ ಚಾವಣಿಯಲ್ಲಿ ಕರಗುವುದು ಕೇಳಿಸುತ್ತದೆ. ಎದುರಿನ ಸಾಲಿನ ಒಬ್ಬ ಹುಡುಗ, ಎಂಟೋ ಒಂಬತ್ತೋ ವಯಸ್ಸು, ಪ್ರತಿ ನಿಲುಗಡೆಯಲ್ಲೂ ಭುಜ ಎತ್ತದೆ ಹೊಟ್ಟೆಯಿಂದ ಉಸಿರೆಳೆಯುತ್ತಿದ್ದ. ನಾನೂ ಅವನ ಜೊತೆ ಉಸಿರೆಳೆಯತೊಡಗಿದ್ದೆ.

ಆಮೇಲೆ ಬೈಬಲಿನ ಹಳೆ ಒಡಂಬಡಿಕೆಯ ಪಾಠ, ಅದಾದ ಮೇಲೆ ಮ್ಯಾಗ್ನಿಫಿಕಾಟ್, ಅಂದರೆ ಲೂಕನ ಸುವಾರ್ತೆಯಲ್ಲಿ ಬರುವ, ಯೇಸುವಿನ ತಾಯಿ ಮರಿಯಳ ಹಾಡು. ಹೊಸ ಒಡಂಬಡಿಕೆಯ ಪಾಠವಾದ ಮೇಲೆ ನೂಂಕ್ ಡಿಮಿಟಿಸ್, ಮುದುಕ ಸಿಮೆಯೋನನ ಹಾಡು. ಒಂದು ವೆಸ್ಪರ್ಸ್‌ನಿಂದ ಬಂದದ್ದು, ಇನ್ನೊಂದು ಕಾಂಪ್ಲಿನ್‌ನಿಂದ. ಈ ಎರಡು ಹಾಡಿಗೆ 450 ವರ್ಷಗಳಿಂದ ಸಂಗೀತ ಕಟ್ಟುತ್ತಲೇ ಇದ್ದಾರೆ. ನಾಲ್ವರು ದೊರೆಗಳ ಬಳಿ ಸೇವೆ ಮಾಡಿದ ಟ್ಯಾಲಿಸ್, ಕ್ಯಾಥೊಲಿಕ್ ಆಗಿಯೇ ಉಳಿದು ಆಂಗ್ಲಿಕನ್ ಆರಾಧನೆಗೆ ಹಾಡು ಕೊಟ್ಟ ಬರ್ಡ್, ಗಿಬ್ಬನ್ಸ್, ಪರ್ಸೆಲ್, ಸ್ಟಾನ್‌ಫರ್ಡ್.

ಆ ಸಂಜೆ ಹಾಡಿದ್ದು ಹರ್ಬರ್ಟ್ ಹಾವೆಲ್ಸ್ ಇದೇ ಕಿಂಗ್ಸ್ ಕಾಲೇಜಿಗಾಗಿ 1945ರಲ್ಲಿ ಮುಗಿಸಿದ ರಚನೆ. ಮಹಾಯುದ್ಧದ ವರ್ಷಗಳಲ್ಲಿ ಅವರು ಪಕ್ಕದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮರಿಯಳ ಹಾಡಿನಲ್ಲಿ ಒಂದು ಸಾಲು ಇದೆ: ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿದ್ದಾನೆ. ಇಲ್ಲಿ ಅಬ್ಬರಿಸಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾವೆಲ್ಸ್‌ಗೆ ಹಾಗನ್ನಿಸಲಿಲ್ಲ. ಇದು ಹೆಣ್ಣುಮಗಳ ಹಾಡು, ಒರಟು ಬಲ ಇಲ್ಲಿ ಬೇಡ ಅಂದುಕೊಂಡರು. ಅದಕ್ಕೇ ಹಾಡು ಹುಡುಗರ ದನಿಯಲ್ಲಿ ಮೆಲ್ಲಗೆ ತೆರೆದುಕೊಳ್ಳುತ್ತದೆ. ಹಾವೆಲ್ಸ್‌ಗೆ ಮೈಕಲ್ ಅಂತ ಮಗನಿದ್ದ. 1935ರಲ್ಲಿ, ಒಂಬತ್ತನೇ ವಯಸ್ಸಿಗೆ, ಪೋಲಿಯೋ ಬಂದು ತೀರಿಕೊಂಡ. ಆ ಪುಟ್ಟ ಕೊರಳುಗಳನ್ನು ಕೇಳುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ಈವನ್‌ಸಾಂಗ್ ಒಮ್ಮೆ ನಿಂತೇ ಹೋಗಿತ್ತು. 1645ರಲ್ಲಿ, ರಾಜನ ಜೊತೆ ಯುದ್ಧದಲ್ಲಿದ್ದ ಪಾರ್ಲಿಮೆಂಟು ಪ್ರಾರ್ಥನಾ ಪುಸ್ತಕವನ್ನೇ ನಿಷೇಧಿಸಿತು. ಕ್ವಾಯರ್‌ಗಳು ಚದುರಿದವು, ಎಷ್ಟೋ ಕಡೆ ಆರ್ಗನ್‌ಗಳನ್ನು ಒಡೆದು ಹಾಕಿದರು. 1660ರಲ್ಲಿ ರಾಜನ ಆಳ್ವಿಕೆ ವಾಪಸ್ ಬಂದು ಹಾಡು ಮತ್ತೆ ಶುರುವಾದಾಗ, ಹಾಡಬಲ್ಲ ಹುಡುಗರೇ ಇರಲಿಲ್ಲ. ಕಲಿಸುವ ಕೊಂಡಿ ಕಳಚಿತ್ತು. ವರ್ಷಕ್ಕೂ ಮೀರಿ ಹುಡುಗರ ಪಾಲನ್ನು ಕಾರ್ನೆಟ್ ಎಂಬ ಊದುವ ವಾದ್ಯದಲ್ಲಿ ನುಡಿಸಿದರು, ಇಲ್ಲವೇ ಗಂಡಸರು ದನಿ ಸಣ್ಣ ಮಾಡಿಕೊಂಡು ಹಾಡಿದರು. ಬಿಟ್ಟುಕೊಡಲಿಲ್ಲ. ಎಷ್ಟೋ ಶತಮಾನ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ಮಾತ್ರ ಈ ಪರಂಪರೆಯ ದೊಡ್ಡ ಕೊರತೆ. 1991ರಲ್ಲಿ ಸಾಲ್ಸ್‌ಬರಿ ಕೆಥೀಡ್ರಲ್ ಹುಡುಗಿಯರ ಕ್ವಾಯರ್ ಕಟ್ಟಿದ ಮೇಲೆ ಬಾಗಿಲು ತೆರೆಯುತ್ತಾ ಬಂದಿದೆ. ಇನ್ನೂ ಬೇಗ ಆಗಬೇಕಿತ್ತು.

ಅಲ್ಲಿಗೆ ಹೋಗಲಾಗದವರಿಗೆ ರೇಡಿಯೋ ಇದೆ. 1926ರ ಅಕ್ಟೋಬರ್ 7ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಿಂದ ಬಿಬಿಸಿ ಮೊದಲ ಸಲ ಈವನ್‌ಸಾಂಗ್ ಬಿತ್ತರಿಸಿತು. ಈಗಲೂ ಬರುತ್ತದೆ. ನಾನು ಬೆಂಗಳೂರಿನಲ್ಲಿ ಅಡುಗೆಮನೆ ಒರೆಸುತ್ತಾ ಎಷ್ಟೋ ರಾತ್ರಿ ಕೇಳಿದ್ದೇನೆ. ಕೊನೆಯ ಹತ್ತಿರ ಒಂದು ಪುಟ್ಟ ಪ್ರಾರ್ಥನೆ ಇದೆ: ನಮ್ಮ ಕತ್ತಲೆಗೆ ಬೆಳಕು ಕೊಡು ಕರ್ತನೇ, ಈ ರಾತ್ರಿಯ ಎಲ್ಲ ಅಪಾಯಗಳಿಂದ ನಮ್ಮನ್ನು ಕಾಯಿ. ದೀಪದೆಣ್ಣೆ ಮುಗಿದರೆ ಮನೆಯೆಲ್ಲ ಕತ್ತಲಾಗುತ್ತಿದ್ದ ಕಾಲದ ಮಾತು ಅದು. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತಿದ್ದ ರಾತ್ರಿ ನನ್ನ ಬಾಯಿಗೆ ಬಂದ ಪ್ರಾರ್ಥನೆಯೂ ಅದೊಂದೇ.

ಈಗ ಹಾವೆಲ್ಸ್‌ರ ನೂಂಕ್ ಡಿಮಿಟಿಸ್ ಹಾಕುತ್ತೇನೆ. ಮುಂದೆ ನಿಂತು ಹಾಡುವ ಆ ಒಂಟಿ ಟೆನರ್ ದನಿ, ಅಂದರೆ ಗಂಡಸಿನ ಎತ್ತರದ ದನಿ, ಸಿಮೆಯೋನನದು. ಕೂಸು ಯೇಸುವನ್ನು ಕೈಯಲ್ಲಿ ಎತ್ತಿಕೊಂಡಿದ್ದಾನೆ. ಇನ್ನು ನನ್ನನ್ನು ಸಮಾಧಾನದಿಂದ ಕಳುಹಿಸಿಕೊಡು ಅನ್ನುತ್ತಿದ್ದಾನೆ. ಯಾರಾದರೂ ಆ ಲೈಟು ಆರಿಸುತ್ತೀರಾ?