ಮಂಡಿ ನೋವು ಅಂತ ಅಮ್ಮನನ್ನು ಕೂರಿಸಬೇಡಿ

ನಮಸ್ಕಾರ. ಅಮ್ಮ ಮಂಡಿ ನೋವು ಅಂದ ತಕ್ಷಣ ನಾವೆಲ್ಲ ಹೇಳುವುದು ಒಂದೇ ಮಾತು: "ಸವೆದು ಹೋಗಿದೆ, ಸುಮ್ನೆ ಕೂತ್ಕೋ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಈ ಮಾತಿನಿಂದ ಮಂಡಿ ಇನ್ನೂ ಹಾಳಾಗುತ್ತದೆ.

ಹೈಸ್ಕೂಲಿನಲ್ಲಿ ಸಂಯೋಜಕ ಅಂಗಾಂಶ ಅಂತ ಪಾಠ ಇತ್ತಲ್ವಾ? ರಕ್ತ, ಮೂಳೆ, ಕೊಬ್ಬು, ಮೃದ್ವಸ್ಥಿ, ಸ್ನಾಯುರಜ್ಜು, ಅಸ್ಥಿರಜ್ಜು. ಹೆಸರು ಬಾಯಿಪಾಠ ಮಾಡಿದೆವು, ಪರೀಕ್ಷೆ ಮುಗಿದ ಮೇಲೆ ಮರೆತೆವು. ಹರಿಯುವ ರಕ್ತವೂ ಗಟ್ಟಿ ಮೂಳೆಯೂ ಒಂದೇ ಗುಂಪಿಗೆ ಹೇಗೆ ಸೇರಿದವು? ಎರಡರಲ್ಲೂ ಜೀವಕೋಶಗಳು ಬಿಡಿಬಿಡಿಯಾಗಿರುತ್ತವೆ, ನಡುವೆ ತುಂಬಿರುವ ವಸ್ತುವೇ ಜಾಸ್ತಿ. ರಕ್ತದಲ್ಲಿ ಅದು ಪ್ಲಾಸ್ಮಾ ಎಂಬ ದ್ರವ. ಮೂಳೆಯಲ್ಲಿ ಕ್ಯಾಲ್ಸಿಯಂ, ರಂಜಕದ ಲವಣಗಳು ಮತ್ತು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು.

ಈಗ ಮಂಡಿಗೆ ಬರೋಣ. ತೊಡೆಯ ಮೂಳೆ, ಕಾಲಿನ ಮೂಳೆ ಸೇರುವಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿ ಇದೆ. ನುಣುಪಾದ, ಹೊಳೆಯುವ ಪದರ. ಅದಕ್ಕೆ ರಕ್ತನಾಳವೇ ಇಲ್ಲ. ಹಾಗಾದರೆ ಊಟ ಎಲ್ಲಿಂದ? ಕೀಲಿನೊಳಗಿರುವ ದ್ರವದಿಂದ. ಹೆಜ್ಜೆ ಇಟ್ಟಾಗ ಭಾರ ಬಿದ್ದು ಪದರ ಅದುಮಿಹೋಗುತ್ತದೆ, ನೀರು ಹೊರಗೆ ಬರುತ್ತದೆ. ಕಾಲೆತ್ತಿದಾಗ ಸ್ಪಂಜಿನ ಹಾಗೆ ಮತ್ತೆ ಹೀರಿಕೊಳ್ಳುತ್ತದೆ. ಪೋಷಕಾಂಶ ಒಳಗೆ ಹೋಗಲು ಈ ಅದುಮಾಟ ನೆರವಾಗುತ್ತದೆ. ದಿನವಿಡೀ ಕೂತರೆ ಅದು ನಿಂತುಹೋಗುತ್ತದೆ. ಜೊತೆಗೆ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ.

ರಕ್ತ ಇಲ್ಲದ್ದಕ್ಕೇ ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದು ಕಷ್ಟ. ಇದನ್ನು ಮುಚ್ಚಿಡುವ ಜಾಹೀರಾತು ನೋಡಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕೊಲಾಜೆನ್ ಪುಡಿ ಕುಡಿದರೆ ಅದು ನೇರವಾಗಿ ಮಂಡಿಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಬೇಳೆ, ಮೊಟ್ಟೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ, ಕರುಳಿನಲ್ಲಿ ಚೂರಾಗುತ್ತದೆ. ದೇಹ ತನ್ನ ಕೊಲಾಜೆನ್ ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ವಿಟಮಿನ್ ಸಿ ಬೇಕು. ನೆಲ್ಲಿಕಾಯಿ, ಸೀಬೆಹಣ್ಣು ಸಾಕು.

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಕಾಲು ನೇರ ಮಾಡಲು ಹೇಳಿ. ಐದು ಎಣಿಸಿ ನಿಧಾನವಾಗಿ ಇಳಿಸಲಿ. ಆಮೇಲೆ ಇನ್ನೊಂದು ಕಾಲು. ಜೊತೆಗೆ ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ನಡಿಗೆ. ಮಂಡಿ ಕೆಂಪಾಗಿ ಊದಿಕೊಂಡಿದ್ದರೆ, ಮಡಚಲು ಆಗದೆ ಸಿಕ್ಕಿಹಾಕಿಕೊಂಡರೆ, ಭಾರವೇ ಹಾಕಲು ಆಗದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ವ್ಯಾಯಾಮ ಆಮೇಲೆ.